ಹಂಗಿಲ್ಲದ ಹಣ: ಪರಿಚಿತರ ಕಷ್ಟಕ್ಕೆ ದುಡ್ಡು ಕೊಡುವುದು ಸರಿಯೇ, ಕೊಡುವುದಾದರೆ ಹೇಗೆ?

ನನ್ನ ತಂದೆ 17 ದಿನ ತೀವ್ರ ನಿಗಾ ಘಟಕದಲ್ಲಿದ್ದರು. ನೋಡಲು ಬಂದವರೆಲ್ಲ ಹೊರಡುವಾಗ ಒಂದೇ ಮಾತು ಹೇಳುತ್ತಿದ್ದರು: "ಏನು ಬೇಕಾದರೂ ಕೇಳಿ, ಸಂಕೋಚಪಡಬೇಡಿ." ನಾನು ತಲೆಯಾಡಿಸುತ್ತಿದ್ದೆ, ಯಾರನ್ನೂ ಏನನ್ನೂ ಕೇಳಲಿಲ್ಲ. ಹನ್ನೊಂದನೆಯ ದಿನ ಕಚೇರಿಯ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರು ಬಂದರು. ಎದುರು ಸಿಕ್ಕಾಗ ನಗುವಷ್ಟೇ ನಮ್ಮ ಪರಿಚಯ. ಐದು ನಿಮಿಷ ಕುಳಿತಿದ್ದು ಎದ್ದರು. ಲಿಫ್ಟಿನ ಬಳಿ ನಿಂತು ಎರಡಾಗಿ ಮಡಚಿದ ಲಕೋಟೆಯೊಂದನ್ನು ನನ್ನ ಕೈಯಲ್ಲಿಟ್ಟು, "ಓಡಾಟದ ಖರ್ಚಿಗಿರಲಿ, ಹಿಂದಿರುಗಿಸುವ ಮಾತು ಬೇಡ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಆ ಹಣ ಆಸ್ಪತ್ರೆಯ ಬಿಲ್ಲಿಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅದು ಹೋದದ್ದು ನಡುರಾತ್ರಿಯ ಟ್ಯಾಕ್ಸಿಗಳಿಗೆ, ಕಳೆದುಹೋದ ಮೊಬೈಲ್ ಚಾರ್ಜರಿಗೆ, ವರದಿಗಳ ಜೆರಾಕ್ಸ್ ಪ್ರತಿಗಳಿಗೆ, ತಾಯಿಗೆ ಒಂದು ಹೊದಿಕೆಗೆ. ಯಾವ ಲೆಕ್ಕದಲ್ಲೂ ಸೇರದ, ಆದರೆ ದಿನಕ್ಕೆ ಹತ್ತು ಬಾರಿ ಕೈ ಕಚ್ಚುವ ಖರ್ಚುಗಳು ಅವು. ಅದುವರೆಗೆ, ಆತ್ಮೀಯರಲ್ಲದವರಿಗೆ ದುಡ್ಡು ಕೊಡುವುದು ಅವರನ್ನು ಸಣ್ಣವರನ್ನಾಗಿ ಮಾಡಿದಂತೆ ಎಂದು ನಾನು ನಂಬಿದ್ದೆ. ಹಾಗೆ ನಂಬಿಕೊಂಡು ಎಷ್ಟು ಜನರ ಕಷ್ಟದ ಮುಂದೆ ಬರಿಗೈಯಲ್ಲಿ ನಿಂತಿದ್ದೆನೋ ಎಂದು ಆಮೇಲೆ ಬಹಳ ನೊಂದುಕೊಂಡೆ.

ಕೊಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಬಹುತೇಕ ಸಂದರ್ಭಗಳಲ್ಲಿ ಸರಿ. ಕನ್ನಡದಲ್ಲಿ ಇದಕ್ಕೆ ಒಂದು ಅಳತೆಗೋಲು ಸಿದ್ಧವಾಗಿಯೇ ಇದೆ. ಅದು 'ಹಂಗು' ಎಂಬ ಪದ. ಹಣ ಯಾರನ್ನೂ ಅವಮಾನಿಸುವುದಿಲ್ಲ, ಅದರ ಬೆನ್ನಿಗಂಟಿ ಬರುವ ಹಂಗು ಅವಮಾನಿಸುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ತಮ್ಮ ಪ್ರಬಂಧದಲ್ಲಿ ಕೊಡುಗೆಯೊಂದಿಗೆ ಮೂರು ಬಾಧ್ಯತೆಗಳು ಹೆಣೆದುಕೊಂಡಿರುತ್ತವೆ ಎಂದು ತೋರಿಸಿದರು: ಕೊಡಬೇಕು, ಸ್ವೀಕರಿಸಬೇಕು, ಮರಳಿ ಕೊಡಬೇಕು. ಕಷ್ಟದಲ್ಲಿರುವವರ ಎದೆಯ ಮೇಲೆ ಕೂರುವುದು ಈ ಮೂರನೆಯದು. ಕೆಳಗಿನ ಹೆಜ್ಜೆಗಳೆಲ್ಲ ಆ ಭಾರವನ್ನು ಆದಷ್ಟು ಇಳಿಸುವುದಕ್ಕಾಗಿ ಇವೆ.

ಮೊದಲ ಹೆಜ್ಜೆ: ಈ ಕಷ್ಟದಲ್ಲಿ ಹಣ ಎಲ್ಲಿ ಸೋರುತ್ತಿದೆ?

ಎಲ್ಲ ಸಂಕಟಕ್ಕೂ ದುಡ್ಡು ಮದ್ದಲ್ಲ. ಮದುವೆ ಮುರಿದವರಿಗೆ, ಗರ್ಭ ನಿಲ್ಲದೆ ನೊಂದವರಿಗೆ, ಗೆಳೆತನ ಕಳೆದುಕೊಂಡವರಿಗೆ ಮೊದಲು ಬೇಕಿರುವುದು ಜೊತೆಯಲ್ಲಿ ಕೂರುವ ಒಬ್ಬ ಮನುಷ್ಯ. ಅಲ್ಲಿ ಲಕೋಟೆ ಚಾಚಿದರೆ 'ಇದನ್ನು ತೆಗೆದುಕೊಂಡು ಸುಮ್ಮನಿರು' ಎಂದಂತೆ ಕೇಳಿಸೀತು. ಆದರೆ ಮದುವೆ ಮುರಿದವರು ರಾತ್ರೋರಾತ್ರಿ ಮನೆ ಬಿಡಬೇಕಾಗಿ ಬಂದಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆದ್ದರಿಂದ ಕಷ್ಟದ ಹೆಸರನ್ನು ನೋಡಿ ತೀರ್ಮಾನಿಸಬೇಡಿ, ಸೋರಿಕೆಯನ್ನು ನೋಡಿ.

ಕಾಯಿಲೆಯಲ್ಲಿ ದೊಡ್ಡ ಬಿಲ್ಲಿಗೆ ವಿಮೆ ಇರಬಹುದು. ಆಸ್ಪತ್ರೆಗೆ ಹೋಗಿಬರುವ ಖರ್ಚು, ಆರೈಕೆ ಮಾಡುವವರು ಕಳೆದುಕೊಂಡ ಸಂಬಳ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರ ಕೂಲಿ, ಇವುಗಳಿಗೆ ವಿಮೆ ಇರುವುದು ಅಪರೂಪ. ಸಾವಾದ ಮನೆಯಲ್ಲಿ ಖರ್ಚು ಮೊದಲ ವಾರದಲ್ಲೇ ಮೈಮೇಲೆ ಬೀಳುತ್ತದೆ, ಅದೇ ವಾರದಲ್ಲಿ ಮೃತರ ಬ್ಯಾಂಕ್ ಖಾತೆ ಸ್ಥಗಿತವಾಗಿರಬಹುದು. ಕೆಲಸ ಕಳೆದುಕೊಂಡವರಿಗೆ ಪೆಟ್ಟು ತಡವಾಗಿ ತಟ್ಟುತ್ತದೆ. ಮೊದಲ ತಿಂಗಳು ಉಳಿತಾಯ ಕೈ ಹಿಡಿಯುತ್ತದೆ, ಕರೆಗಳು ನಿಂತುಹೋದ ಮೂರನೆಯ ತಿಂಗಳಿಗೆ ಅದು ಬತ್ತುತ್ತದೆ. ಆಗ ಕೊಟ್ಟ ಸ್ವಲ್ಪವೂ ಮೊದಲ ವಾರ ಕೊಟ್ಟ ಹೆಚ್ಚಿಗಿಂತ ದೊಡ್ಡದು.

ನಾವಿದ್ದ ಕಟ್ಟಡದ ಮೇಲಿನ ಮಹಡಿಯಲ್ಲಿ ಒಮ್ಮೆ ಬೆಂಕಿ ಬಿತ್ತು. ಆ ಮನೆಯ ಹೆಂಗಸು ರಾತ್ರಿಯುಡುಗೆಯಲ್ಲಿ, ಬರಿಗಾಲಲ್ಲಿ ಕೆಳಗೆ ನಿಂತಿದ್ದರು. ಜನ ಬಟ್ಟೆ ತಂದರು, ಪಾತ್ರೆ ತಂದರು. ಮರುದಿನ ಬೆಳಗ್ಗೆ ಅವರು ಮಾಡಬೇಕಿದ್ದ ಕೆಲಸ ಗುರುತಿನ ಚೀಟಿಗೆ ಅರ್ಜಿ ಹಾಕುವುದು. ಅದಕ್ಕೆ ಶುಲ್ಕ ಕಟ್ಟಬೇಕು, ಬ್ಯಾಂಕ್ ಕಾರ್ಡು ಸುಟ್ಟುಹೋಗಿದೆ, ಹೊಸ ಕಾರ್ಡಿಗೆ ಗುರುತಿನ ಚೀಟಿ ಬೇಕು, ಮೊಬೈಲ್ ಕರಗಿಹೋಗಿದೆ. ಖಾತೆಯಲ್ಲಿ ಹಣವಿತ್ತು, ಮುಟ್ಟುವ ದಾರಿಯಿರಲಿಲ್ಲ. ಎಂಟು ಜೊತೆ ಉಡುಪು ಪಕ್ಕದಲ್ಲಿಟ್ಟುಕೊಂಡು ಒಂದು ಬಸ್ ಟಿಕೆಟಿಗೆ ಕಾಸಿಲ್ಲದೆ ಕೂತಿದ್ದ ಅವರ ಮುಖ ನನಗೆ ಇಂದಿಗೂ ನೆನಪಿದೆ. ಬೆಂಕಿ, ನೆರೆ, ಕಳ್ಳತನ ಇಂಥವುಗಳಲ್ಲಿ ಬ್ಯಾಂಕ್ ವರ್ಗಾವಣೆಗಿಂತ ಕೈಗೆ ಸಿಗುವ ನೋಟುಗಳೇ ಮೇಲು. ಅವುಗಳಲ್ಲೂ ಸಣ್ಣ ಮುಖಬೆಲೆಯವು ಹೆಚ್ಚಿರಲಿ.

'ಹಣದ ಬದಲು ಏನಾದರೂ ವಸ್ತು ಕೊಡೋಣ, ಅದು ಹೆಚ್ಚು ಆಪ್ತವಾಗಿರುತ್ತದೆ' ಎಂದು ಅನೇಕರು ಯೋಚಿಸುತ್ತಾರೆ. ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಹಬ್ಬದ ಉಡುಗೊರೆಗಳ ಬಗ್ಗೆ ವಿದ್ಯಾರ್ಥಿಗಳನ್ನು ಕೇಳಿ ಲೆಕ್ಕ ಹಾಕಿದಾಗ, ಉಡುಗೊರೆಗೆ ತೆತ್ತ ಬೆಲೆಯ ಶೇಕಡ 10ರಿಂದ ಮೂರನೇ ಒಂದು ಭಾಗದವರೆಗೆ, ಪಡೆದವರ ದೃಷ್ಟಿಯಲ್ಲಿ ವ್ಯರ್ಥವಾಗಿತ್ತು. ಸಂತೋಷದ ದಿನದಲ್ಲಿ ಆ ನಷ್ಟವನ್ನು ಪ್ರೀತಿ ತುಂಬಿಕೊಡುತ್ತದೆ. ಕಷ್ಟದ ದಿನದಲ್ಲಿ ಬೇಡದ ವಸ್ತುವನ್ನು ಎಲ್ಲಿಡುವುದು ಎಂಬುದೇ ಇನ್ನೊಂದು ಚಿಂತೆಯಾಗುತ್ತದೆ.

ಎರಡನೆಯ ಹೆಜ್ಜೆ: ಕೊಡುಗೆಯೋ ಸಾಲವೋ, ಈಗಲೇ ನಿರ್ಧರಿಸಿ

ಇದನ್ನು ಮನೆಯಲ್ಲಿ ಒಬ್ಬರೇ ಕುಳಿತು ತೀರ್ಮಾನಿಸಬೇಕು. ಕೊಟ್ಟ ಮೇಲೆ ತೀರ್ಮಾನಿಸಿದರೆ ಕೆಡುತ್ತದೆ. 'ಕೊಟ್ಟವನು ಕೋಡಂಗಿ, ಇಸಿದುಕೊಂಡವನು ವೀರಭದ್ರ' ಎಂಬ ಗಾದೆ ಹುಟ್ಟಿದ್ದು ಕೊಡುಗೆಯಿಂದಲ್ಲ, ಬಾಯಿಮಾತಿನ ಕೈಗಡದಿಂದ. ಕೊಟ್ಟವರು 'ಆದಾಗ ಕೊಡಿ' ಎನ್ನುತ್ತಾರೆ. ಪಡೆದವರಿಗೆ ಅದು 'ಆಗದಿದ್ದರೆ ಬೇಡ' ಎಂದು ಕೇಳಿಸುತ್ತದೆ. ಆರು ತಿಂಗಳ ನಂತರ ಇಬ್ಬರೂ ರಸ್ತೆಯ ಎರಡು ಬದಿಗಳಲ್ಲಿ ಮುಖ ತಿರುಗಿಸಿಕೊಂಡು ನಡೆಯುತ್ತಾರೆ.

ನಾನು ಪಾಲಿಸುವ ಲೆಕ್ಕ ಸರಳವಾಗಿದೆ. ನಾಳೆ ಈ ಮೊತ್ತ ದಾರಿಯಲ್ಲಿ ಕಳೆದುಹೋದರೆ ಒಂದು ವಾರ ಬೇಸರಪಟ್ಟು ಮರೆಯಬಲ್ಲೆನೇ? ಹೌದಾದರೆ ಅದನ್ನು ಕೊಡುಗೆಯಾಗಿ ಕೊಡುತ್ತೇನೆ. ಮರೆಯಲಾರದಷ್ಟು ದೊಡ್ಡದಾದರೆ ಮೊತ್ತವನ್ನು ಇಳಿಸುತ್ತೇನೆ. ಬಾಡಿಗೆ, ಮಕ್ಕಳ ಶುಲ್ಕ, ನಿಮ್ಮದೇ ಸಾಲದ ಕಂತು ಇವುಗಳನ್ನು ಮುಟ್ಟಿ ಪರಿಚಿತರಿಗೆ ಕೊಡಬೇಡಿ. ನಿಮ್ಮ ಮನೆಯ ಒತ್ತಡ ಮುಂದೆ ನಿಮ್ಮ ಮಾತಿನಲ್ಲಿ, ನೋಟದಲ್ಲಿ ಹೊರಬಂದೇ ಬರುತ್ತದೆ, ಅವರಿಗದು ತಿಳಿಯುತ್ತದೆ. ಸಂಗಾತಿಯೊಂದಿಗೆ ಹಂಚಿಕೊಂಡ ಹಣವಾದರೆ ಮೊದಲು ಅವರಿಗೆ ಹೇಳಿ.

ಮೊತ್ತ ತೀರ ದೊಡ್ಡದಾಗಿರುವುದೂ ಒಳ್ಳೆಯದಲ್ಲ. ಬರೀ ನಮಸ್ಕಾರದ ಪರಿಚಯದವರಿಂದ ಒಂದು ತಿಂಗಳ ಸಂಬಳದಷ್ಟು ಬಂದರೆ ಯಾರಿಗಾದರೂ 'ಇದಕ್ಕೆ ಬದಲಾಗಿ ಏನು ಕೇಳಿಯಾರು?' ಎಂಬ ದಿಗಿಲು ಹುಟ್ಟುತ್ತದೆ. ಪರಿಚಯ ತೆಳುವಾಗಿದ್ದಷ್ಟೂ ಮೊತ್ತ ಹಗುರವಾಗಿರಲಿ. ಹೆಚ್ಚು ಕೊಡುವ ಶಕ್ತಿ, ಮನಸ್ಸು ಎರಡೂ ಇದ್ದರೆ ಅವರ ಆಪ್ತರೊಬ್ಬರ ಮೂಲಕ ಹೆಸರು ಹೇಳದೆ ತಲುಪಿಸಿ. 12ನೇ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದರು. ಮನಸ್ಸಿಲ್ಲದೆ ಕೊಡುವುದು ಎಲ್ಲಕ್ಕಿಂತ ಕೆಳಗೆ, ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳುವ ಮೊದಲೇ ಕೊಡುವುದು ಮೇಲೆ, ಪಡೆದವರಿಗೆ ಕೊಟ್ಟವರು ಯಾರೆಂದು ತಿಳಿಯದಿರುವುದು ಅದಕ್ಕಿಂತಲೂ ಮೇಲೆ. ತುತ್ತತುದಿಯ ಮೆಟ್ಟಿಲು, ಆ ಮನುಷ್ಯ ಮತ್ತೆ ಇನ್ನೊಬ್ಬರ ಕಡೆ ನೋಡಬೇಕಾಗದಂತೆ ಕೆಲಸವನ್ನೋ ಸಾಲವನ್ನೋ ಪಾಲುದಾರಿಕೆಯನ್ನೋ ಒದಗಿಸುವುದು.

ಹೌದು, ಆ ಕೊನೆಯ ಮೆಟ್ಟಿಲಲ್ಲಿ ಸಾಲಕ್ಕೂ ಜಾಗವಿದೆ. ಕೆಲವರು ಕೊಡುಗೆಯನ್ನು ಒಪ್ಪುವುದಿಲ್ಲ, ಸಾಲವಾದರೆ ತಲೆ ಎತ್ತಿ ಪಡೆಯುತ್ತಾರೆ. ಹಾಗಿದ್ದರೆ ಮೊತ್ತ, ಮರಳಿಸುವ ದಿನಾಂಕ, ಕಂತು ಇವನ್ನು ಅರ್ಧ ಪುಟದಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಇದು ಅಪನಂಬಿಕೆ ಎಂದು ಭಾವಿಸಬೇಕಾಗಿಲ್ಲ. ಬರೆದಿಟ್ಟ ಸಾಲಕ್ಕೆ ಒಂದು ಕೊನೆಯಿರುತ್ತದೆ, ಬರೆಯದ ಸಾಲ ಮುಗಿಯುವುದೇ ಇಲ್ಲ.

ಮೂರನೆಯ ಹೆಜ್ಜೆ: ಕೇಳುವವರೆಗೆ ಕಾಯಬೇಡಿ

'ಬೇಕಿದ್ದರೆ ಕೇಳುತ್ತಾರೆ' ಎಂಬುದು ಸುಳ್ಳು. ಸಂಶೋಧಕರಾದ ಫ್ರಾನ್ಸಿಸ್ ಫ್ಲಿನ್ ಮತ್ತು ವೆನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಗವಹಿಸಿದವರು ಅಪರಿಚಿತರ ಬಳಿ ಸಣ್ಣಪುಟ್ಟ ಸಹಾಯ ಕೇಳಬೇಕಿತ್ತು: ಪ್ರಶ್ನಾವಳಿ ತುಂಬಿಕೊಡಿ, ನಿಮ್ಮ ಮೊಬೈಲನ್ನು ಒಂದು ಕ್ಷಣ ಕೊಡಿ ಎಂದು. ಇಂತಿಷ್ಟು ಜನ ಒಪ್ಪಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತು ಎಂದು ಅವರು ಮೊದಲೇ ಅಂದಾಜು ಮಾಡಿದ್ದರು. ನಿಜದಲ್ಲಿ ಅದರ ಸುಮಾರು ಅರ್ಧದಷ್ಟು ಜನರನ್ನು ಕೇಳಿದರೇ ಸಾಕಾಯಿತು. ಜಗತ್ತು ಎಷ್ಟು ಸಹಾಯ ಮಾಡಲು ಸಿದ್ಧವಿದೆ ಎಂಬುದು ಸಹಾಯ ಬೇಕಾದವರಿಗೆ ತಿಳಿದೇ ಇರುವುದಿಲ್ಲ. ಆದ್ದರಿಂದ ಅವರು ಬಾಯಿ ಮುಚ್ಚಿಕೊಂಡು ಕುಳಿತಿರುತ್ತಾರೆ, ನಾನು ಆಸ್ಪತ್ರೆಯಲ್ಲಿ ಕುಳಿತಿದ್ದಂತೆ.

'ಏನು ಬೇಕು ಹೇಳಿ' ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಅದು ಕಷ್ಟದಲ್ಲಿರುವವರಿಗೆ ಇನ್ನೊಂದು ಕೆಲಸ ಹಚ್ಚುತ್ತದೆ: ಬೇಕಾದದ್ದನ್ನು ಯೋಚಿಸು, ಅದು ಹೆಚ್ಚಾಯಿತೇ ಎಂದು ಅಳೆ, ಆಮೇಲೆ ಬೇಡು. ಹಣದ ಚಿಂತೆ ಬುದ್ಧಿಯ ಶಕ್ತಿಯನ್ನೇ ಹಿಂಡುತ್ತದೆ ಎಂಬುದು 2013ರ ಒಂದು ಅಧ್ಯಯನದಲ್ಲಿ ಕಂಡಿದೆ. ಆನಂದಿ ಮಣಿ, ಸೆಂಧಿಲ್ ಮುಲೈನಾಥನ್, ಎಲ್ದಾರ್ ಶಾಫಿರ್, ಜಿಯಾಯಿಂಗ್ ಝಾವೊ ಅವರು ಕಬ್ಬು ಬೆಳೆಗಾರರನ್ನು ಪರೀಕ್ಷಿಸಿದಾಗ, ಕೈ ಬರಿದಾಗಿದ್ದ ಕಟಾವಿನ ಮುಂಚಿನ ದಿನಗಳಲ್ಲಿ ಅದೇ ರೈತರು ಕಟಾವಿನ ನಂತರದ ದಿನಗಳಿಗಿಂತ ಕಡಿಮೆ ಅಂಕ ಗಳಿಸಿದರು. ಯೋಚಿಸಲು ಸೋತಿರುವ ತಲೆಗೆ ಪ್ರಶ್ನೆ ಹಾಕಬೇಡಿ, ತೀರ್ಮಾನ ಮಾಡಿಕೊಂಡೇ ಹೋಗಿ.

ಒಂದೇ ಒಂದು ಎಚ್ಚರಿಕೆ. ಪರಿಚಿತರ ಹೆಸರಿನಲ್ಲಿ 'ತುರ್ತಾಗಿ ಹಣ ಬೇಕು' ಎಂಬ ಸಂದೇಶ ಬಂದರೆ, ಎಷ್ಟೇ ಕರುಳು ಚುರುಕ್ ಎಂದರೂ, ನಿಮಗೆ ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ಕರೆ ಮಾಡಿ ಅವರ ಧ್ವನಿ ಕೇಳಿ, ನಿಮ್ಮಿಬ್ಬರಿಗಷ್ಟೇ ಗೊತ್ತಿರುವ ಒಂದು ವಿಷಯ ವಿಚಾರಿಸಿ ಆಮೇಲೆ ಕಳುಹಿಸಿ. ಕದ್ದ ಖಾತೆಗಳಿಂದ ನಡೆಯುವ ವಂಚನೆ ಈ ದಾರಿಯಲ್ಲೇ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಕೊಡುವ ಒಂದು ನಿಮಿಷ

ಎಲ್ಲ ಸೂಕ್ಷ್ಮವೂ ಇಲ್ಲಿದೆ. ಬೇರೆಯವರ ಎದುರು ಕೊಡಬೇಡಿ. ಅವರ ಮಕ್ಕಳ ಎದುರಂತೂ ಬೇಡವೇ ಬೇಡ. ಹೊರಡುವ ಹೊತ್ತಿನಲ್ಲಿ ಕೊಡಿ, ಆಗ ಅವರು ಮುಜುಗರದಿಂದ ನಿಮ್ಮ ಎದುರು ಕುಳಿತಿರಬೇಕಾಗುವುದಿಲ್ಲ. ಲಕೋಟೆ ಅಂಟಿಸಿರಲಿ, ಎಣಿಸುವ ಸನ್ನಿವೇಶ ಬರದಿರಲಿ. ನನ್ನ ಸಹೋದ್ಯೋಗಿ ಲಿಫ್ಟಿನ ಬಳಿ ಯಾಕೆ ಕೊಟ್ಟರು ಎಂಬುದು ನನಗೆ ಅರ್ಥವಾದದ್ದು ನಾನೇ ಇನ್ನೊಬ್ಬರಿಗೆ ಕೊಡುವ ದಿನ ಬಂದಾಗ.

ಮಾತು ಚಿಕ್ಕದಿರಲಿ. ಹಣಕ್ಕೊಂದು ಸಣ್ಣ ಹೆಸರು ಕೊಟ್ಟರೆ ಪಡೆಯುವುದು ಸುಲಭವಾಗುತ್ತದೆ: 'ಓಡಾಟಕ್ಕೆ', 'ಔಷಧಿಗೆ', 'ಈ ವಾರದ ಮನೆ ಖರ್ಚಿಗೆ'. ಹಾಗೆಂದು ಅದಕ್ಕೇ ಬಳಸಬೇಕೆಂಬ ಕಟ್ಟುಪಾಡಿಲ್ಲ, ಕೈ ಚಾಚಲು ಅದೊಂದು ನೆಪ. ಜೊತೆಗೆ 'ಮರಳಿ ಕೊಡಬೇಕಾಗಿಲ್ಲ' ಎಂಬುದನ್ನು ಬಾಯಿಬಿಟ್ಟು ಹೇಳಿ. ಇದನ್ನು ಹೇಳದೆ ಬಿಟ್ಟರೆ ಅವರು ಸಾಲವೆಂದೇ ಬರೆದಿಟ್ಟುಕೊಳ್ಳುತ್ತಾರೆ. 'ಅಯ್ಯೋ ಪಾಪ', 'ನಿಮ್ಮ ಸ್ಥಿತಿ ನೋಡಲಾಗುತ್ತಿಲ್ಲ', 'ದೇವರು ನನಗೆ ಬೇಕಾದಷ್ಟು ಕೊಟ್ಟಿದ್ದಾನೆ' ಇಂಥ ಮಾತುಗಳು ಬೇಡ. ನೀವೂ ಹಿಂದೊಮ್ಮೆ ಹೀಗೆ ಪಡೆದಿದ್ದರೆ ಅದನ್ನು ಹೇಳಿ, ಅದರಷ್ಟು ನೆಮ್ಮದಿ ಕೊಡುವ ಮಾತು ಇನ್ನೊಂದಿಲ್ಲ.

ಮೊಬೈಲಿನಿಂದ ವರ್ಗಾಯಿಸುವುದಾದರೆ ಮೊದಲು ಒಂದು ಸಾಲಿನ ಸಂದೇಶ ಕಳುಹಿಸಿ, ಆಮೇಲೆ ಹಣ. ವರ್ಗಾವಣೆಯ ಟಿಪ್ಪಣಿಯಲ್ಲಿ 'ಸಹಾಯ' ಎಂದು ಬರೆಯಬೇಡಿ, ಆ ಪದ ಅವರ ಖಾತೆಯ ಪಟ್ಟಿಯಲ್ಲಿ ಸದಾ ಉಳಿದುಬಿಡುತ್ತದೆ. ಯಾರ ಖಾತೆ ಎಂಬುದನ್ನೂ ಗಮನಿಸಿ. ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಳ್ಳಲು ಹೆಣಗುತ್ತಿರುವವರಿಗೆ ಜಂಟಿ ಖಾತೆಗೆ ಹಣ ಹಾಕಿದರೆ ಅದು ಅಪಾಯವನ್ನೇ ತಂದೀತು. ಅಂಥವರಿಗೆ ಅವರ ಕೈಗೇ ಕೊಡಬೇಕು. ಕೆಲವು ದೇಶಗಳಲ್ಲಿ ಸರ್ಕಾರಿ ನೆರವು ಪಡೆಯುವವರ ಖಾತೆಗೆ ದೊಡ್ಡ ಮೊತ್ತ ಬಂದರೆ ಆ ನೆರವಿಗೇ ಕುತ್ತು ಬರುವುದುಂಟು, ಆದ್ದರಿಂದ ಕೇಳಿ ಕಳುಹಿಸಿ.

ಬೇಡವೆಂದರೆ? ಒಮ್ಮೆ ಮಾತ್ರ ಒತ್ತಾಯಿಸಿ. ಎರಡನೆಯ ಸಲವೂ ಬೇಡವೆಂದರೆ ಲಕೋಟೆ ಜೇಬಿಗೆ ಹಾಕಿಕೊಂಡು ಬೇರೆ ಮಾತಾಡಿ. ನಿರಾಕರಿಸುವ ಹಕ್ಕು ಕಷ್ಟದಲ್ಲಿರುವವರ ಬಳಿ ಉಳಿದಿರುವ ಕೆಲವೇ ಹಕ್ಕುಗಳಲ್ಲಿ ಒಂದು. ಎರಡು ವಾರ ಬಿಟ್ಟು ಒಂದು ಬಿಲ್ಲು ಕಟ್ಟಿಕೊಡುವುದಾಗಿಯೋ ಮಕ್ಕಳನ್ನು ಶಾಲೆಗೆ ಬಿಟ್ಟುಬರುವುದಾಗಿಯೋ ಹೇಳಿ ನೋಡಿ.

ಐದನೆಯ ಹೆಜ್ಜೆ: ನೋಟು ಕೊಡಬಾರದ ಕಡೆ

ಜೂಜು, ಕುಡಿತ, ಮಾದಕ ವಸ್ತುಗಳ ಹಿಡಿತದಲ್ಲಿ ಇರುವವರೆಂದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಕೈಗೆ ಹಣ ಕೊಡಬೇಡಿ. ಬಾಡಿಗೆಯನ್ನು ಮನೆಯ ಮಾಲೀಕರಿಗೇ, ಶುಲ್ಕವನ್ನು ಶಾಲೆಗೇ ಕಟ್ಟಿ. ಇಲ್ಲಿ 'ಖಚಿತವಾಗಿ' ಎಂಬ ಪದವನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಬಡವರ ಕೈಗೆ ದುಡ್ಡು ಬಂದರೆ ಹಾಳು ಮಾಡುತ್ತಾರೆ ಎಂಬ ಗುಮಾನಿ ಎಲ್ಲೆಡೆ ಇದೆ. ವಿಶ್ವಬ್ಯಾಂಕಿಗಾಗಿ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ 2014ರಲ್ಲಿ 19 ಅಧ್ಯಯನಗಳನ್ನು ಪರಿಶೀಲಿಸಿದರು. ನಗದು ನೆರವು ಪಡೆದವರು ಮದ್ಯ, ತಂಬಾಕುಗಳಿಗೆ ಮಾಡುವ ಖರ್ಚು ಹೆಚ್ಚು ಕಡಿಮೆ ಎಲ್ಲ ಕಡೆಯೂ ಏರಿರಲಿಲ್ಲ, ಕೆಲವೆಡೆ ಇಳಿದಿತ್ತು. ಆ ಗುಮಾನಿಯನ್ನು ನಿಮ್ಮ ಪರಿಚಿತರ ಮೇಲೆ ಹೊರಿಸಬೇಡಿ.

ಇನ್ನು ಅಧಿಕಾರದ ಸಂಬಂಧಗಳು. ನಿಮ್ಮ ಕಡತದ ಮೇಲೆ ಸಹಿ ಹಾಕಬೇಕಾದವರ, ನಿಮ್ಮ ಮಗುವಿನ ಉತ್ತರಪತ್ರಿಕೆ ತಿದ್ದುವವರ ಮನೆಯಲ್ಲಿ ನಿಜಕ್ಕೂ ಕಷ್ಟವಿದ್ದರೂ ನೀವು ಕೊಡುವ ಹಣ ಲಂಚದ ವಾಸನೆ ಹೊಡೆಯುತ್ತದೆ. ಅವರಿಗೆ ಹೆಗಲು ಕೊಡಿ, ಹಣ ಬೇಡ. ನಿಮ್ಮ ಕೈಕೆಳಗೆ ದುಡಿಯುವವರಿಗೆ ಕೊಡುವಾಗ ಇನ್ನೊಂದು ತೊಡಕು: ಅವರು ಮುಂದೆ ರಜೆ ಕೇಳಲು, ಸಂಬಳ ಹೆಚ್ಚಿಸಿ ಎನ್ನಲು ಹಿಂಜರಿಯುತ್ತಾರೆ. ಅಲ್ಲಿ ಸಂಬಳ ಸಹಿತ ರಜೆ, ಮುಂಗಡ ಇಂಥ ಹಕ್ಕಿನ ದಾರಿಗಳನ್ನು ಮೊದಲು ತೆರೆಯಿರಿ.

ಆರನೆಯ ಹೆಜ್ಜೆ: ಹತ್ತು ಜನ ಸೇರಿ ಕೊಡುವಾಗ

ಒಟ್ಟುಗೂಡಿಸಿ ಕೊಡುವುದು ಬಹಳ ಒಳ್ಳೆಯದು, ಹಂಗು ಹಂಚಿಹೋಗುತ್ತದೆ. ಆದರೆ ಶುರು ಮಾಡುವ ಮೊದಲು ಆ ಮನೆಯವರ ಒಪ್ಪಿಗೆ ಕೇಳಿ. ತಮ್ಮ ಕಾಯಿಲೆಯ ವಿವರ, ಮಲಗಿದ ಚಿತ್ರ, ಸಾಲದ ಮೊತ್ತ ಇನ್ನೂರು ಜನರ ಮೊಬೈಲಿನಲ್ಲಿ ಹರಿದಾಡುತ್ತಿದೆ ಎಂದು ಆಮೇಲೆ ತಿಳಿಯುವುದು ಎಂಥ ಹಿಂಸೆ ಎಂದು ಯೋಚಿಸಿ. ಒಬ್ಬರು ಹಣ ಪಡೆಯಲಿ, ಇನ್ನೊಬ್ಬರು ಲೆಕ್ಕ ನೋಡಲಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕಬೇಡಿ, ಅದು ಕೊಡಲಾಗದವರನ್ನೂ ಕುಗ್ಗಿಸುತ್ತದೆ. ತಲುಪಿಸುವಾಗ ಒಟ್ಟು ಮೊತ್ತ ಹೇಳಿ, ಫೋಟೊ ತೆಗೆಯಬೇಡಿ.

ಕೊಟ್ಟ ಮೇಲೆ

ಹಣ ಏನಾಯಿತು ಎಂದು ಕೇಳಬೇಡಿ. ಒಂದು ತಿಂಗಳ ನಂತರ ಅವರು ಹೊಸ ಅಂಗಿ ತೊಟ್ಟು ಬಂದರೆ, ಮಗುವಿಗೊಂದು ಆಟಿಕೆ ಕೊಡಿಸಿದ್ದು ಕಂಡರೆ ಮನಸ್ಸಿನಲ್ಲೂ ಲೆಕ್ಕ ಹಾಕಬೇಡಿ. ಕೊಟ್ಟ ವಿಷಯ ಮೂರನೆಯವರಿಗೆ ಹೇಳಬೇಡಿ. ಮೊದಲಿನಂತೆಯೇ ಕರೆ ಮಾಡುತ್ತಿರಿ, ಮೊದಲಿಗಿಂತ ಕಡಿಮೆ ಮಾಡಿದರೆ ನೀವು ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ತಿಳಿಯುತ್ತಾರೆ. ಮತ್ತೆ ಕೇಳಿದರೆ, ಆಗುವುದಾದರೆ ಕೊಡಿ, ಆಗದಿದ್ದರೆ 'ಈ ಸಲ ನನ್ನಿಂದ ಆಗುವುದಿಲ್ಲ' ಎಂದು ಕಾರಣಗಳ ಸರಮಾಲೆಯಿಲ್ಲದೆ ಹೇಳಿ. ಸುಳ್ಳು ನೆಪಕ್ಕಿಂತ ನೇರವಾದ 'ಇಲ್ಲ' ಕಡಿಮೆ ನೋಯಿಸುತ್ತದೆ.

ಮರಳಿ ಬೇಡವೆಂದ ಹಣವನ್ನು ಅವರು ಮರಳಿ ತಂದರೆ ಏನು ಮಾಡಬೇಕು? ಇಲ್ಲಿ ನಾನು ತಪ್ಪು ಮಾಡಿದ್ದೇನೆ. ಮನೆ ಸುಟ್ಟ ಆ ಹೆಂಗಸಿಗೆ ಅಂದು ನಾನು ಒಂದು ಲಕೋಟೆ ಕೊಟ್ಟಿದ್ದೆ. ಎರಡು ವರ್ಷದ ನಂತರ ಒಂದು ಸಂಜೆ ಅವರು ಬಾಗಿಲು ತಟ್ಟಿ, ಅಷ್ಟೇ ಮೊತ್ತವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ದೊಡ್ಡ ಮನಸ್ಸಿನವನಂತೆ ನಕ್ಕು, "ಛೇ ಛೇ, ಅದನ್ನು ಆಗಲೇ ಮರೆತಿದ್ದೇನೆ" ಎಂದು ಅವರ ಕೈಯನ್ನು ಹಿಂದಕ್ಕೆ ತಳ್ಳಿದೆ. ಅವರ ಮುಖ ಸಣ್ಣದಾಯಿತು. ಎರಡು ವರ್ಷ ಕೂಡಿಟ್ಟ ಆ ಹಣವನ್ನು ಅವರು ಎಷ್ಟು ಸಲ ಎಣಿಸಿದ್ದರೋ, ನಾನು ಎಣಿಸಲೂ ಇಲ್ಲ.

ಒಂದು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ನಾನೇ ಮೇಲಿನ ಮಹಡಿಗೆ ಹೋಗಿ, "ಅಂದು ನೀವು ತಂದಿದ್ದನ್ನು ಈಗ ಕೊಡಿ, ನಾನು ತೆಗೆದುಕೊಳ್ಳುತ್ತೇನೆ" ಎಂದೆ. ಅವರು ಒಳಗೆ ಹೋಗಿ ಕಪಾಟು ತೆರೆದು ತಂದುಕೊಟ್ಟರು. ನಾನು ಬೆಂಕಿಯ ಮರುದಿನ ಕೊಟ್ಟಿದ್ದ ಅದೇ ಲಕೋಟೆ. ಅಂಚು ಸವೆದಿತ್ತು, ಬಾಯಿಗೆ ಹೊಸ ಅಂಟು ಹಚ್ಚಿದ್ದರು. "ಎಣಿಸಿಕೊಳ್ಳಿ" ಎಂದರು. ನಾನು ಅಲ್ಲೇ ಕುರ್ಚಿಯಲ್ಲಿ ಕುಳಿತು, ಅವರು ನೋಡುತ್ತಿದ್ದಂತೆ, ಕೊನೆಯ ನೋಟಿನವರೆಗೆ ಎಣಿಸಿದೆ.